ಎಸಿ ಗ್ಯಾಸ್ ತುಂಬಿಸಿದರೂ ನಿಲ್ಲುತ್ತಿಲ್ಲ, ಲೀಕ್ ಹುಡುಕುವುದು ಹೇಗೆ?

ದಾವಣಗೆರೆ ಡಿಸೈರ್
ನಮ್ಮದು 2014ರ ಡಿಸೈರ್. ಹೋದ ಬೇಸಿಗೆಯಲ್ಲಿ ಗ್ಯಾಸ್ ತುಂಬಿಸಿದೆ, ದೀಪಾವಳಿ ಹೊತ್ತಿಗೆ ತಂಪು ಕಮ್ಮಿ ಆಯಿತು, ಈಗ ಬರೀ ಬಿಸಿ ಗಾಳಿ. ಆಗ ಗ್ಯಾರೇಜಿನವರು ಎಂಜಿನ್ ಆಫ್ ಮಾಡಿ ಗೇಜ್ ಹಾಕಿದಾಗ 90 ಪಿಎಸ್‌ಐ ಇತ್ತು, ಗ್ಯಾಸ್ ಫುಲ್ ಇದೆ ಅಂದಿದ್ದರು. ಈಗ ಕೇಳಿದರೆ ವರ್ಷಕ್ಕೊಂದು ಸಲ ಖಾಲಿ ಆಗುವುದು ಮಾಮೂಲಿ ಅನ್ನುತ್ತಾರೆ. ಹೌದಾ?

ದುರ್ಗದ ಕೂಲಿಂಗ್ ಕೆಲಸ
ಅಲ್ಲ ಸರ್. ಅದೇನು ಪೆಟ್ರೋಲಾ, ಉರಿದು ಖಾಲಿ ಆಗೋಕೆ? ಒಂದೇ ವರ್ಷದಲ್ಲಿ ಹೋಯಿತು ಅಂದರೆ ಎಲ್ಲೋ ಲೀಕ್ ಇದೆ. ಆ 90 ನಂಬಬೇಡಿ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಆರ್134ಎ ಗ್ಯಾಸ್ 28 ಡಿಗ್ರಿ ಬಿಸಿಲಿಗೆ ಹೆಚ್ಚುಕಮ್ಮಿ ಅಷ್ಟೇ ತೋರಿಸುತ್ತದೆ, ಅರ್ಧ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ.

ಮೊದಲು ಬಾನೆಟ್ ಎತ್ತಿ ಪೈಪ್ ಜಾಯಿಂಟ್, ಕಂಪ್ರೆಸರ್ ಮೂತಿ ನೋಡಿ. ಗ್ಯಾಸ್ ಜೊತೆ ಆಯಿಲ್ ಕೂಡ ಹೊರಗೆ ಬರುವುದರಿಂದ ಅಲ್ಲಿ ಜಿಡ್ಡು ಧೂಳು ಅಂಟಿರುತ್ತದೆ. ಹೈವೇಯಲ್ಲಿ ಜಾಸ್ತಿ ಓಡಿಸುತ್ತಿದ್ದರೆ ಮುಂದಿನ ಕಂಡೆನ್ಸರ್‌ಗೆ (ರೇಡಿಯೇಟರ್ ಮುಂದಿರುವ, ಗ್ಯಾಸ್ ತಣಿಸುವ ಜಾಲರಿ) ಕಲ್ಲು ಬಡಿದಿರಬಹುದು. ಏನೂ ಕಾಣದಿದ್ದರೆ ಉಳಿದ ಗ್ಯಾಸನ್ನು ಮೆಷಿನ್‌ಗೆ ಎಳೆದುಕೊಂಡು ನೈಟ್ರೋಜನ್ ಹಾಕಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಗ್ಯಾಸ್ ತುಂಬುವ ವಾಲ್ವ್ ಮೇಲೂ ಹಚ್ಚಿ, ಅದನ್ನು ಸುಮಾರು ಜನ ಮರೆಯುತ್ತಾರೆ. ಪಂಕ್ಚರ್ ಅಂಗಡಿ ಗಾಳಿ ಮಾತ್ರ ಬೇಡ, ತೇವ ಒಳಗೆ ಹೋಗುತ್ತದೆ.

ಹರಿಹರ ರೋಡ್
ಲೀಕ್ ನಿಲ್ಲಿಸುವ ಡಬ್ಬಿ ಸಿಗುತ್ತಲ್ಲ, ಅದನ್ನು ಹಾಕಿದರೆ ಸುಲಭ ಅಲ್ವಾ?

ದುರ್ಗದ ಕೂಲಿಂಗ್ ಕೆಲಸ
ದಯವಿಟ್ಟು ಬೇಡ ಅಣ್ಣ. ಒಳಗೆ ಗಟ್ಟಿಯಾದರೆ ಎಕ್ಸ್‌ಪ್ಯಾನ್ಷನ್ ವಾಲ್ವ್, ಅಂದರೆ ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಸಣ್ಣ ತೂತು, ಕಟ್ಟಿಕೊಳ್ಳಬಹುದು, ನಮ್ಮ ಮೆಷಿನ್ ಕೂಡ ಹಾಳು. ಅದು ಹಾಕಿದ ಗಾಡಿ ಅಂತ ಗೊತ್ತಾದರೆ ನಾನು ಮುಟ್ಟೋದೇ ಇಲ್ಲ.

ದಾವಣಗೆರೆ ಡಿಸೈರ್
ಬೇರೆ ಕಡೆ ನೈಟ್ರೋಜನ್ ಹಾಕಿಸಿದೆ. ಪ್ರೆಷರ್ ನಿಧಾನವಾಗಿ ಇಳಿಯುತ್ತಿದೆ, ಬಾನೆಟ್ ಒಳಗೆ ಎಲ್ಲೂ ಗುಳ್ಳೆ ಇಲ್ಲ. ಕೂಲಿಂಗ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು ಅನ್ನುತ್ತಾರೆ. ಭಯ ಆಗುತ್ತಿದೆ.

ಹಳೇ ಇಂಡಿಕಾ
ಸುಮ್ನೆ ಒಪ್ಪಬೇಡಿ. ಕಂಡೆನ್ಸರ್ ಕೆಳಭಾಗ ಬಂಪರ್ ಹಿಂದೆ ಅಡಗಿರುತ್ತದೆ, ಅಲ್ಲಿಗೆ ಸೋಪಿನ ನೀರು ತಲುಪಿದೆಯಾ ಕೇಳಿ. ಎಲೆಕ್ಟ್ರಾನಿಕ್ ಡಿಟೆಕ್ಟರ್ ಇದ್ದರೆ ಸ್ವಲ್ಪ ಗ್ಯಾಸ್ ಹಾಕಿ, ಗಾಡಿ ಆಫ್ ಮಾಡಿ, ಕಾಯಿಲ್ ಕೆಳಗಿನಿಂದ ಎಸಿ ನೀರು ತೊಟ್ಟಿಕ್ಕುವ ಪೈಪ್ ಹತ್ತಿರ ಹಿಡಿಯಬೇಕು. ಆ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಪೈಪಿನ ನೀರು ಮಾತ್ರ ಡಿಟೆಕ್ಟರ್ ಒಳಗೆ ಹೋಗಬಾರದು. ಇದನ್ನೆಲ್ಲ ಶಟರ್ ಎಳೆದ ಶೆಡ್ಡಿನಲ್ಲಿ ಮಾಡಿ. ದುರ್ಗದ ಕಡೆ ಗಾಳಿಗೆ ಕರೆಂಟ್ ಮಾಡುವ ದೊಡ್ಡ ಫ್ಯಾನುಗಳೇ ತಿರುಗುತ್ತವೆ, ಬಯಲಲ್ಲಿ ನಿಂತರೆ ಡಿಟೆಕ್ಟರ್‌ಗೆ ಏನು ಸಿಗುತ್ತೆ!

ದುರ್ಗದ ಕೂಲಿಂಗ್ ಕೆಲಸ
ಸರಿಯಾಗಿ ಹೇಳಿದರು. ಇನ್ನೊಂದು, ಬಿಚ್ಚುವ ಮೊದಲು ಕಾಯಿಲ್‌ಗೆ ಹೋಗುವ ಎರಡು ಪೈಪನ್ನು ಎಂಜಿನ್ ಕಡೆಯಿಂದಲೇ ಕಳಚಿ, ಕಾಯಿಲ್ ಒಂದಕ್ಕೇ ನೈಟ್ರೋಜನ್ ಹಾಕಿ ನೋಡಲಿ. ಇಳಿದರೆ ಮಾತ್ರ ಡ್ಯಾಶ್‌ಬೋರ್ಡ್. ಆಮೇಲೆ ಜಾಯಿಂಟಿನ ರಬ್ಬರ್ ಓ-ರಿಂಗ್ ಹೊಸದು, ತೇವ ಹೀರುವ ಡ್ರೈಯರ್ ಹೊಸದು, ಒಳಗಿನ ಗಾಳಿ, ತೇವ ಎಳೆದು ತೆಗೆಯೋಕೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್. ಗ್ಯಾಸನ್ನು ತೂಕ ಮಾಡಿ ಹಾಕಿಸಿ, ಗ್ರಾಂ ಎಷ್ಟು ಅಂತ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ನೋಡಿಕೊಳ್ಳಿ.