ಇಸಾಕನ ಬಾವಿಗೆ ಮಣ್ಣು ತುಂಬಿದ್ದೇಕೆ?

ಪ್ರಶ್ನೆ (ವಿರಾಜಪೇಟೆಯಿಂದ):
ಬೈಬಲ್‌ನ ಆದಿಕಾಂಡ 26ನೇ ಅಧ್ಯಾಯ ಓದುತ್ತಿದ್ದೆ. ಇಸಾಕನ ಅಪ್ಪ ಅಬ್ರಹಾಮನ ಕಾಲದ ಬಾವಿಗಳಿಗೆ ಆ ನಾಡಿನ ಫಿಲಿಷ್ಟಿಯ ಜನ ಮಣ್ಣು ತುಂಬಿ ಮುಚ್ಚಿದರಂತೆ. ಕುಡಿಯೋ ನೀರನ್ನು ಯಾರಾದರೂ ಸುಮ್ನೆ ಹಾಳು ಮಾಡ್ತಾರಾ? ನಮ್ಮ ತೋಟದ ಬಾವಿಯಲ್ಲಿ ಜುಲೈನಲ್ಲಿ ಬಗ್ಗಿದರೆ ಚೊಂಬಿಗೇ ನೀರು ಸಿಗುತ್ತದೆ. ಅದಕ್ಕೇ ತಲೆಗೆ ಹೋಗ್ತಿಲ್ಲ.

ಉತ್ತರ 1:
ಅಲ್ಲಿ ಬಾವಿ ಅಂದರೆ ಜಮೀನಿನ ಪತ್ರ ಇದ್ದ ಹಾಗೆ. ಮುಚ್ಚಿದರೆ ಕುರಿ ಹೊಡೆದುಕೊಂಡು ಜಾಗ ಖಾಲಿ ಮಾಡಲೇಬೇಕು. ಬೇರ್ಷೆಬ ಅನ್ನೋ ಊರಿನ ಬಾವಿ ತನ್ನದು ಅನ್ನೋದಕ್ಕೆ ಸಾಕ್ಷಿಯಾಗಿ ಅಬ್ರಹಾಮ 7 ಹೆಣ್ಣು ಕುರಿಮರಿ ಕೊಟ್ಟಿದ್ದ. ಇಸಾಕ ಆಮೇಲೆ ತೋಡಿಸಿದ ಬಾವಿಗಳ ಹೆಸರು ನೋಡಿ: ಏಸೆಕ್ ಅಂದರೆ ಜಗಳ, ಸಿಟ್ನಾ ಅಂದರೆ ಹಗೆ. ಮೂರನೆಯದಕ್ಕೆ ತಕರಾರು ಬರಲಿಲ್ಲ. ಅದು ರೆಹೋಬೋತ್, ವಿಶಾಲವಾದ ಜಾಗ.

ಉತ್ತರ 2:
ಹೆಣ್ಣು ನೋಡೋ ಜಾಗವೂ ಅದೇ ಅಲ್ವಾ! ಆಮೇಲೆ ಇಸಾಕನ ಹೆಂಡತಿಯಾದ ರೆಬೆಕ್ಕ, ಹೆಣ್ಣು ಹುಡುಕಿ ಬಂದ ಆಳಿನ 10 ಒಂಟೆಗಳಿಗೆ ನೀರು ಸೇದಿ ಹಾಕಿದಳು. ಬಾಯಾರಿದ ಒಂದು ಒಂಟೆಯೇ 100 ಲೀಟರ್ ಕುಡಿಯಬಲ್ಲದು. ಪಂಪ್ ಸುಟ್ಟ ದಿನ 20 ಕೊಡ ಸೇದಿ ನನ್ನ ಅಂಗೈಯೆಲ್ಲ ಬೊಬ್ಬೆ.

ಪ್ರಶ್ನೆ ಕೇಳಿದವರು:
ಹೌದು, ಏಪ್ರಿಲ್ ತಿಂಗಳ ನೀರಿನ ಕಷ್ಟ ಮರೆತೇಬಿಟ್ಟಿದ್ದೆ. ಮಳೆ ತಡವಾದರೆ ನಮ್ಮಲ್ಲೂ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕು. ಆಗ ಪಕ್ಕದ ತೋಟದವರ ಮೋಟಾರ್ ಸದ್ದು ಕೇಳಿದರೇ ಮೈ ಉರಿಯುತ್ತದೆ.