ಕೋಡಿ, ಅಳಿವೆ, ಹಿನ್ನೀರು: ಕರಾವಳಿಯವರನ್ನು ಕೇಳುವುದಿದೆ

ಬಳಗದವರಿಗೆಲ್ಲ ನಮಸ್ಕಾರ.

ಅಕ್ಕನ ಮಗಳು ಕೋಸ್ಟರಿಕಾದ ಪೆಸಿಫಿಕ್ ಕರಾವಳಿಯನ್ನು ಸಣ್ಣ ಹಡಗೊಂದರಲ್ಲಿ ಸುತ್ತಿ ಬಂದಿದ್ದಾಳೆ. ಅಲ್ಲಿನ ಒಂದು ದಿನದ ಬಗ್ಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದನ್ನು ದಾವಣಗೆರೆಯ ನಮ್ಮ ಬಡಾವಣೆಯ ಗೋಡೆಪತ್ರಿಕೆಗೆ ಕನ್ನಡ ಮಾಡುತ್ತಿದ್ದೇನೆ. ಓದುವವರು ಜಗಳೂರು, ಹರಿಹರ, ಹೊಳಲ್ಕೆರೆ ಕಡೆಯವರು. ಸಮುದ್ರ ಕಂಡಿದ್ದರೂ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋದಾಗ ಕಾಲು ತೋಯಿಸಿಕೊಂಡಷ್ಟೇ.

ಬೆಳಿಗ್ಗೆ ನೀರು ಏರಿದ ಹೊತ್ತಿಗೆ ಹಡಗಿನಿಂದ ರಬ್ಬರ್ ದೋಣಿಗಿಳಿದು, ನದಿ ಸಮುದ್ರ ಸೇರುವಲ್ಲಿ ಒಳಹೊಕ್ಕರಂತೆ. ಎರಡೂ ಬದಿಗೆ ಮ್ಯಾಂಗ್ರೋವ್, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರಗಳು. ಇದನ್ನು ಕಾಂಡ್ಲಾ ಎಂದೇ ಬರೆದೆ. ಹೊನ್ನಾವರದಲ್ಲಿ ಶರಾವತಿ ದಂಡೆಯ ಕಾಂಡ್ಲಾ ಕಾಡು ನೋಡಿಬಂದವರು ನಮ್ಮಲ್ಲೂ ಇದ್ದಾರೆ. ಬೀಜ ತಾಯಿಮರದಲ್ಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಜೋತು, ಆಮೇಲೆ ನೀರಿಗೆ ಬೀಳುವುದನ್ನು ಹುಡುಗಿ ಚೆನ್ನಾಗಿ ಬರೆದಿದ್ದಾಳೆ.

ಆ ಜಾಗಕ್ಕೆ ಏನೆನ್ನಲಿ? ಹಿನ್ನೀರು ಎಂದರೆ ನಮ್ಮವರಿಗೆ ಭದ್ರಾ ಡ್ಯಾಮಿನದು, ವಾಣಿವಿಲಾಸ ಸಾಗರದ್ದು. ಅಣೆಕಟ್ಟೇ ಇಲ್ಲದೆ ಹಿನ್ನೀರೆಲ್ಲಿಂದ ಬಂತು ಎಂದು ಕೇಳಿಯಾರು. ನದೀಮುಖ ಪಠ್ಯಪುಸ್ತಕದ ಮಾತು, ನನಗೆ ಒಗ್ಗದು. ಅಳಿವೆ ಇರಲಿ ಎಂದುಕೊಂಡಿದ್ದೇನೆ. ಆದರೆ ಅಳಿವೆ ಎಂದರೆ ಸಮುದ್ರಕ್ಕೆ ತೆರೆದ ಬಾಯಿ ಮಾತ್ರವೋ, ಉಪ್ಪುನೀರು ಏರಿ ಬರುವಷ್ಟೂ ದೂರದ ಹೊಳೆಯೂ ಸೇರಿತೋ?

ನನ್ನನ್ನು ಹೆಚ್ಚು ಕಾಡುತ್ತಿರುವುದು ಕೋಡಿ. ಮಧ್ಯಾಹ್ನ ಅವರು ನದಿಬಾಯಿಗೆ ಅಡ್ಡ ಚಾಚಿದ ಮರಳಿನ ನೆಲಕ್ಕೆ, ಮೊಣಕಾಲುದ್ದ ನೀರಿನಲ್ಲಿ ನಡೆದು ಹತ್ತಿದರು. (ಅಲ್ಲಿ ಬಾದಾಮಿ ಮರದಲ್ಲಿ ಕೆಂಪು ಮಕಾವ್ ಗಿಳಿಗಳು ಕಾಯಿ ಒಡೆಯುತ್ತಿದ್ದವಂತೆ. ನಮ್ಮ ಶಾಲೆಗಳ ಅಂಗಳದ್ದೇ ಮರ, ಏಷ್ಯಾ ಕಡೆಯಿಂದ ಅಲ್ಲಿಗೆ ಹೋದದ್ದು.) ಅಂಥ ನೆಲವನ್ನು ಕುಂದಾಪುರದ ಕಡೆಯವರು ಕೋಡಿ ಎನ್ನುತ್ತಾರೆ, ಕೋಡಿ ಬೆಂಗ್ರೆ ಎಂದು ಊರೇ ಇದೆ (ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವಿನ ಮರಳು ನೆಲ). ನಮ್ಮಲ್ಲಿ ಕೋಡಿ ಎಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳುವ ಜಾಗ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜನ ಗಾಡಿ ಮಾಡಿಕೊಂಡು ನೋಡಲು ಹೋದರು. ಇಂಥವರ ಮುಂದೆ 'ಕೋಡಿಯ ಮೇಲೆ ಕೂತು ಊಟ ಮಾಡಿದರು' ಎಂದರೆ ಕೊಚ್ಚಿಹೋಗಲಿಲ್ಲವೇ ಎಂದಾರು! ಒಂದು ನೀರು ದಾಟುವ ತಗ್ಗು, ಇನ್ನೊಂದು ನೀರಿಗೆ ಚಾಚಿದ ನೆಲ. ಕೆರೆ ಏರಿಯ ತುದಿ, ನೆಲದ ತುದಿ ಎಂದು ಎರಡೂ ಒಂದೇ ಬೇರಿನಿಂದ ಬಂದಿರಬಹುದೇ? ಬಾಳೆ ಎಲೆಯ ಕೊಡಿಗೂ ನಂಟಿದೆಯೇ? ಬೆಂಗ್ರೆ ಎಂದು ಬರೆದರೆ ಅರ್ಥ ಕೆಡುತ್ತದೆಯೇ?

ಉಬ್ಬರ, ಇಳಿತ ಎಂಬ ಮಾತುಗಳಲ್ಲಿ ತೊಡಕಿಲ್ಲ. ಆ ಕಡಲು ಜೋರಾಗಿಯೇ ಏರಿಳಿಯುತ್ತದೆ. ಪಕ್ಕದ ಪನಾಮಾದಲ್ಲಂತೂ ಪೆಸಿಫಿಕ್ ಬದಿಗೆ ವ್ಯತ್ಯಾಸ 5 ಮೀಟರ್ ಮುಟ್ಟಿದರೆ, ಕೆರಿಬಿಯನ್ ಬದಿಗೆ ಅರ್ಧ ಮೀಟರೂ ಇಲ್ಲ. ನೀರು ಇಳಿದಾಗ ಬಯಲಾಗುವ, ಏಡಿಗಳು ಓಡಾಡುವ ಕೆಸರು ನೆಲಕ್ಕೆ ಅಂಕೋಲಾ, ಕುಮಟಾದ ಮೀನುಗಾರರು ಏನೆನ್ನುತ್ತಾರೆ? ಗಜನಿ ಅಲ್ಲ, ಅದು ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆ. ಮುಂದಿನ ಭಾನುವಾರ ಪತ್ರಿಕೆ ಅಂಟಿಸುವುದಿದೆ, ಅದಕ್ಕೆ ಮೊದಲು ತಿಳಿಸಿದರೆ ಉಪಕಾರ.