ಅಪ್‌ಡೇಟ್: ಆರ್ಗನ್ ಕೊನೆಗೂ ಹಾಡಿಗೆ ದಾರಿ ಬಿಟ್ಟಿತು

ಗಿಟಾರ್ ಮತ್ತು ತಂಗಿಯ ದನಿ ಮಾತ್ರ ಇರುವ ವಿರಹದ ಹಾಡಿಗೆ ಕೀಬೋರ್ಡ್‌ನ ಆರ್ಗನ್ ಸೇರಿಸಿದರೆ ಭಾವದ ಬದಲು ಗದ್ದಲವಾಗುತ್ತಿದೆ, ಏನು ಮಾಡಲಿ ಎಂದು ಹೋದ ತಿಂಗಳು ಕೇಳಿದ್ದೆ. ಭಾನುವಾರ ಬೆಳಗಾವಿಯ ಶಹಾಪುರದ ನಮ್ಮ ಮನೆಯಲ್ಲೇ, ತಗಡಿನ ಮೇಲಿನ ಮಳೆ ನಿಂತ ಹೊತ್ತು ನೋಡಿ, ಮತ್ತೆ ಧ್ವನಿಮುದ್ರಿಸಿದೆವು.

ತಪ್ಪು ನನ್ನ ಬೆರಳುಗಳದೇ. ಪಿಯಾನೊದಂತೆ ಬಾರಿಸುತ್ತಿದ್ದೆ. ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನಿನ ಬಗೆಯ ಆರ್ಗನ್‌ನಲ್ಲಿ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ಏರಿಳಿತವೆಲ್ಲ ಕಾಲಿನ ಪೆಡಲ್‌ನಲ್ಲಿದೆ. ‘ಅದನ್ನು ಹಾರ್ಮೋನಿಯಂ ಪೇಟಿಯ ತಿದಿ ಎಂದುಕೊಳ್ಳಿ’ ಎಂದು ನಿಮ್ಮಲ್ಲೊಬ್ಬರು ಹೇಳಿದಿರಲ್ಲ, ಆ ಒಂದು ಮಾತು ಸಾಕಾಯಿತು. ತಂಗಿ ಉಸಿರೆಳೆದುಕೊಳ್ಳುವಾಗ ಪೆಡಲ್ ಹಿಂದಕ್ಕೆ, ಸಾಲು ತುಂಬುವಾಗ ಕೂದಲೆಳೆಯಷ್ಟು ಮುಂದಕ್ಕೆ. ಎಡಗೈ ತೊಡೆಯ ಮೇಲೆ. ಮಂದ್ರವನ್ನು ಗಿಟಾರ್ ನೋಡಿಕೊಳ್ಳುತ್ತದೆ. ಸದ್ದಿನ ಬಣ್ಣ ಬದಲಿಸಲು ಎಳೆಯುವ 9 ಪಟ್ಟಿಗಳಲ್ಲಿ, ಅಂದರೆ ಡ್ರಾಬಾರ್‌ಗಳಲ್ಲಿ, ಎಡದ ಮೂರನ್ನಷ್ಟೇ ಎಳೆದೆ. ಜಿ ಮೇಜರ್ ಕಾರ್ಡ್‌ನಿಂದ (ಒಟ್ಟಿಗೆ ನುಡಿಸುವ ಜಿ, ಬಿ, ಡಿ ಸ್ವರಗಳು) ಇ ಮೈನರ್‌ಗೆ ಹೋಗುವಾಗ ಜಿ, ಬಿ ಸ್ವರಗಳನ್ನು ಹಿಡಿದೇ ಇಟ್ಟು, ಡಿ ಬಿಟ್ಟು ಇ ಮುಟ್ಟಿದೆ. ಒಂದೇ ಒಂದು ಸ್ವರ ಸರಿದದ್ದು, ಆದರೆ ಕೋಣೆಯ ಬೆಳಕೇ ಬದಲಾದಂತಾಯಿತು!

ಸದ್ದನ್ನು ಅಲೆಅಲೆಯಾಗಿಸುವ, ತಿರುಗುವ ಸ್ಪೀಕರಿನ ಪರಿಣಾಮವನ್ನು ಉದ್ದಕ್ಕೂ ನಿಧಾನದಲ್ಲಿಟ್ಟು, ಕೊನೆಯ ಚರಣದಲ್ಲಿ ಮಾತ್ರ ವೇಗಕ್ಕೆ ತಿರುಗಿಸಿದೆ.

ಪಲ್ಲವಿಯಿಂದಲೇ ನುಡಿಸಿ ಎಂಬ ಸಲಹೆಯನ್ನು ಮಾತ್ರ ಕೇಳಲಿಲ್ಲ, ಬೇಸರಿಸಬೇಡಿ. ಎರಡನೇ ಚರಣದವರೆಗೆ ಸುಮ್ಮನೆ ಕುಳಿತದ್ದೇ ಲಾಭವಾಯಿತು. ಅಜ್ಜ ಕೇಳಿ, ‘ಕಂಪನಿ ನಾಟಕದ ಕಾಲುಪೆಟ್ಟಿಗೆ ನೆನಪಾಯಿತು’ ಎಂದರು, ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಅದು.

ಒಂದು ಕೊರತೆ ಉಳಿದಿದೆ: ಮೈಕ್‌ನಲ್ಲಿ ಪೆಡಲ್‌ನ ಕಿರುಗುಟ್ಟುವಿಕೆಯೂ ಒಂದು ಚರಣದಲ್ಲಿ ದಾಖಲಾಗಿದೆ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದೇನೆ. ಆ ಚರಣವನ್ನಷ್ಟೇ ಮತ್ತೆ ಹಾಡಬೇಕೆಂದು ತಂಗಿಗೆ ಇನ್ನೂ ಹೇಳಿಲ್ಲ.